ಪ್ಲಾನಪ್ಪನ ದಂತಯೋಜನೆ

ಮೇ ಹದಿನೇಳು, ಬುಧವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಪ್ಲಾನಪ್ಪನ ಫೋನಿಗೆ ಅವನು ಓದುತ್ತಿದ್ದ ಸಂಜೆ ಕಾಲೇಜಿನಿಂದ ಸಂದೇಶ ಬಂತು: ಹೋದ ವಾರ ಮುಂದೂಡಿದ್ದ ಭೌತಶಾಸ್ತ್ರದ ಪ್ರಾಕ್ಟಿಕಲ್ ಇಂದು ಎಂಟಕ್ಕೆ.

ಪ್ಲಾನಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಅವನಿಗೆ ಹಲ್ಲಿನ ಡಾಕ್ಟರಾಗುವ ಹಟ. ದಂತ ಕಾಲೇಜು ಸೇರಲು ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮೂರನ್ನೂ ಪ್ರಾಕ್ಟಿಕಲ್ ಸಮೇತ ಮುಗಿಸಿರಬೇಕು. ಮೇಲೊಂದು ಪ್ರವೇಶ ಪರೀಕ್ಷೆ. ಪಾಠ ಓದಿ ಐದು ವರ್ಷ ದಾಟಿದರೆ ಅದು ಹಳಸಿದ ಲೆಕ್ಕ, ನಡೆಯದು. ಹಾಗಾಗಿ ಅಡುಗೆಮನೆ ಗೋಡೆಗೆ ಚಾರ್ಟು ಅಂಟಿಸಿ, ಎಲ್ಲ ಪಾಠ ಮುಗಿದ ಮೇಲೆಯೇ ಪ್ರವೇಶ ಪರೀಕ್ಷೆ ಎಂದು ಗುರುತು ಹಾಕಿದ್ದ. ಈಗ ಪ್ರಾಕ್ಟಿಕಲ್ಲೂ ಇಂದೇ, ಹತ್ತೂವರೆಯ ಪ್ರವೇಶ ಪರೀಕ್ಷೆಯೂ ಇಂದೇ. ದಂತ ಕಾಲೇಜಿನಲ್ಲಿ ಉಳಿದಿದ್ದ ಒಂದೇ ಸೀಟಿಗೆ ಕೊನೆಯ ದಿನವೂ ಇಂದೇ.

ಪ್ರಾಕ್ಟಿಕಲ್‌ಗೆ ಜೋಡಿ ಕಡ್ಡಾಯ. ಬೇರಾರೂ ಸಿಗದೆ ಮೂರೂ ವಿಷಯಕ್ಕೆ ಹೆಂಡತಿಯನ್ನೇ ಸೇರಿಸಿಕೊಂಡಿದ್ದ.

"ಏಳೇ, ಪ್ರಾಕ್ಟಿಕಲ್ ಇವತ್ತೇ ಅಂತೆ."

"ಇವತ್ತಾ? ಒಳ್ಳೇದೇ ಆಯ್ತು ಬಿಡಿ," ಎಂದು ಆಕೆ ಅವನಿಗಿಂತ ಮೊದಲು ಚಪ್ಪಲಿ ಮೆಟ್ಟಿದಳು.

ಗೇಟಿನಲ್ಲಿ ಕೆಳಮನೆಯ ದರ್ಜಿ ಬಾಯಿ ಅಗಲಿಸಿ ನಿಂತಿದ್ದ. "ಡಾಕ್ಟ್ರೇ, ಎಡಗಡೆ ಒಂಚೂರು ನೋಡಿ."

"ಇನ್ನೂ ಆಗಿಲ್ಲ ಕಣಪ್ಪಾ."

"ಆದ್ಮೇಲೆ ಫೀಸು ಕೇಳ್ತೀರಲ್ಲ, ಅದಕ್ಕೇ ಈಗ್ಲೇ ತೋರಿಸ್ತಿದೀನಿ."

ಅವನ ಹಿಂದೆ ಎದುರುಮನೆಯ ತಾತ. ಹಲ್ಲಿನ ಸೆಟ್ಟು ಕಳಚಿ ಪ್ಲಾನಪ್ಪನ ಅಂಗೈಗಿಟ್ಟು, "ಚುಚ್ಚುತ್ತೆ," ಎಂದ. ತಿರುಗಿ ಕೊಡಲು ಪುರುಸೊತ್ತಿಲ್ಲದೆ ಪ್ಲಾನಪ್ಪ ಅದನ್ನು ಜೇಬಿಗೆ ತುರುಕಿ ಓಡಿದ.

ಪ್ರಯೋಗಾಲಯದಲ್ಲಿ ಲೋಲಕದ ತೂಗಾಟ ಎಣಿಸಬೇಕಿತ್ತು. ಕಣ್ಣು ಗೋಡೆ ಗಡಿಯಾರದ ಮೇಲಿದ್ದ ಪ್ಲಾನಪ್ಪ ಎಣಿಕೆ ತಪ್ಪಿದ, ಮತ್ತೆ ತಪ್ಪಿದ. ಕೊನೆಗೆ ಹೆಂಡತಿ ಎಣಿಸಿದಳು. ಮೇಷ್ಟ್ರು ಇಬ್ಬರಿಗೂ ಸಹಿ ಹಾಕಿಕೊಟ್ಟದ್ದೇ ತಡ, ಬಾಲಕ್ಕೆ ಬೆಂಕಿ ಬಿದ್ದವನಂತೆ ಪರೀಕ್ಷಾ ಕೇಂದ್ರಕ್ಕೆ ಹಾರಿದ.

ಬಾಗಿಲಲ್ಲಿ ಕಾವಲುಗಾರ ಜೇಬು ಖಾಲಿ ಮಾಡಿಸಿ ಬೆಚ್ಚಿದ. "ಇದ್ಯಾರದ್ದು?"

"ಎದುರುಮನೆ ತಾತಂದು."

"ತಾತ ಎಲ್ಲಿ?"

"ಮನೇಲಿದಾರೆ."

"ಊಟಕ್ಕೇನ್ಮಾಡ್ತಾರೆ?"

"ಅದಕ್ಕೇ ಬೇಗ ಒಳಗೆ ಬಿಡಿ, ಬೇಗ ಮುಗಿಸ್ತೀನಿ."

ಮುಗಿಸಿಯೂ ಬಿಟ್ಟ. ಪರದೆಯ ಮೇಲೆ ಆಗಲೇ ಅಂಕ ಮೂಡಿತು: ನೂರಕ್ಕೆ ತೊಂಬತ್ತಾರು. ಪ್ಲಾನಪ್ಪ ಕೋಟೆ ಗೆದ್ದ ದಂಡನಾಯಕನಂತೆ ಹೊರಬಂದ. ಜೇಬಿನೊಳಗೆ ತಾತನ ಹಲ್ಲುಗಳೂ ನಗುತ್ತಿದ್ದವು. ಅದೇ ಉಬ್ಬಿನಲ್ಲಿ ದಂತ ಕಾಲೇಜಿನ ಕೌಂಟರಿಗೆ ಬಂದು ಕಾಗದಗಳನ್ನು ಹರವಿದ.

"ತೊಂಬತ್ತಾರಾ? ಈ ವರ್ಷ ಯಾರೂ ಇಷ್ಟು ತಂದಿಲ್ಲ ನೋಡಿ," ಎಂದಳು ಗುಮಾಸ್ತೆ.

"ಸೀಟು?"

"ಹನ್ನೊಂದಕ್ಕೇ ಹೋಯ್ತಲ್ಲ ಸಾರ್. ಒಬ್ರು ಜನವರಿಯಲ್ಲೇ ಟೆಸ್ಟ್ ಬರೆದು ಅರ್ಜಿ ಹಾಕಿದ್ರು. ಒಂದು ಪ್ರಾಕ್ಟಿಕಲ್ ಬಾಕಿ ಇತ್ತು, ಇವತ್ತು ಮುಗಿಸ್ಕೊಂಡು ಬಂದ್ರು. ಅದೊಂದು ಮುಗೀದೇ ಇದ್ದಿದ್ರೆ ಸೀಟು ನಿಮಗೇ."

"ಯಾರವರು?"

"ಅಗೋ, ಅಲ್ಲಿ ಕೋಟು ಹಾಕಿ ನೋಡ್ತಿದಾರಲ್ಲ."

ಬಿಳಿ ಕೋಟಿನ ತೋಳು ಮಡಿಸುತ್ತಿದ್ದ ಹೆಂಡತಿ ತಿರುಗಿದಳು. "ಬಂದ್ರಾ? ಎಷ್ಟು ಬಂತು ರೀ?"

"ನೀನು ಯಾವಾಗ ಟೆಸ್ಟ್ ಬರೆದೆ?"

"ಕೆಮಿಸ್ಟ್ರಿ ಮುಗಿದ ತಿಂಗಳೇ. ಓದಿದ್ದು ತಲೇಲಿರುವಾಗ್ಲೇ ಬರೆದ್ಬಿಡೋಣ ಅಂತ. ಫಿಸಿಕ್ಸ್ ಆಮೇಲೆ ಮುಗಿಸಿದ್ರೂ ನಡಿಯುತ್ತಂತೆ."

"ನಂಗೊಂದು ಮಾತು ಹೇಳ್ಬಾರ್ದಿತ್ತೇನೇ?"

"ಮೂರು ಸಲ ಹೇಳೋಕೆ ಬಂದೆ. ಚಾರ್ಟಲ್ಲಿಲ್ದೇ ಇರೋದನ್ನ ಮಾತಾಡ್ಬೇಡ ಅಂದ್ರಿ."

ಗುಮಾಸ್ತೆ ಅಷ್ಟರಲ್ಲಿ ಅವನ ಕಾಗದಗಳನ್ನು ನೋಡಿ ಮುಗಿಸಿದ್ದಳು. "ಮುಂದಿನ ವರ್ಷ ಬನ್ನಿ ಸಾರ್, ಅಂಕ ಎಲ್ಲೂ ಹೋಗಲ್ಲ. ಆದ್ರೆ ನಿಮ್ಮ ಜೀವಶಾಸ್ತ್ರಕ್ಕೆ ಬರೋ ತಿಂಗಳು ಐದು ವರ್ಷ ತುಂಬುತ್ತೆ. ಅದನ್ನ ಮೊದಲಿಂದ ಓದ್ಬೇಕಾಗುತ್ತೆ."

ಪ್ಲಾನಪ್ಪನ ಬಾಯಿ ತಾನಾಗಿಯೇ ತೆರೆದುಕೊಂಡಿತು. ಮುಚ್ಚುವ ಸೂಚನೆ ಕಾಣಲಿಲ್ಲ.

"ಹಾಗೇ ಇರಿ, ಅಲ್ಲಾಡ್ಬೇಡಿ," ಎಂದು ಹೆಂಡತಿ ಕಾಲೇಜು ಕೊಟ್ಟ ಹೊಸ ಚೀಲದಿಂದ ಪುಟ್ಟ ಅಳತೆಪಟ್ಟಿ ತೆಗೆದು, ಅವನ ಮೇಲ್ಹಲ್ಲಿಗೂ ಕೆಳಹಲ್ಲಿಗೂ ನಡುವೆ ಹಿಡಿದು ಓದಿದಳು.

ನಲವತ್ತೊಂಬತ್ತು ಮಿಲಿಮೀಟರ್.