ಸುಬೇದಾರರ ಮನೆಗೆ ನೆಟ್ ಬಂದದ್ದು

ಯಾರದೋ ಮನೆಗೆ ಡಿಶ್ ಕೂರಿಸಲು ಹೋಗಿ, ಕೆಲಸ ಮುಗಿಸಿ, ಸುಮ್ಮನೆ ವಾಪಸ್ ಬಂದೆ ಅನ್ನುವ ಭಾಗ್ಯ ನನಗೆ ಇದುವರೆಗೆ ಸಿಕ್ಕಿಲ್ಲ. ಮೊದಲು ಟಿ.ವಿ. ಡಿಶ್ ಹಾಕುತ್ತಿದ್ದೆ. ಈಗ ಉಪಗ್ರಹದಿಂದ ಇಂಟರ್‌ನೆಟ್ ಇಳಿಸುವ ಡಿಶ್ ಹಾಕುತ್ತೇನೆ. ಡಿಶ್ ಬದಲಾಯಿತು, ನನ್ನ ಹಣೆಬರಹ ಬದಲಾಗಲಿಲ್ಲ. ಕೊಡಗಿನ ತಿತಿಮತಿ ಕಡೆಯ ಒಂದೇ ಮನೆಯ ಕಥೆ ಹೇಳುತ್ತೇನೆ, ಸಾಕು. ನಗುವವರು ನಗಿ, ನನಗಂತೂ ಅಲ್ಲಿ ನಗು ಬಂದಿರಲಿಲ್ಲ.

೧. ಆಕಾಶ ಹುಡುಕಿದ್ದು

ಮನೆ ಯಜಮಾನರು ನಿವೃತ್ತ ಸುಬೇದಾರರು. ಮೈಸೂರಿಗೆ ಮದುವೆಯಾಗಿ ಹೋದ ಅವರ ಒಬ್ಬಳೇ ತಂಗಿ ಹಾಸಿಗೆ ಹಿಡಿದಿದ್ದರು. ಆಕೆ ಬರುವಂತಿಲ್ಲ. ಇವರ ಮಂಡಿ ಗೇಟಿನವರೆಗೂ ನಡೆಯಲು ಬಿಡುವುದಿಲ್ಲ. ಮನೆಯಲ್ಲಿ ಮೊಬೈಲ್ ಸಿಗ್ನಲ್ಲಂತೂ ಇಲ್ಲವೇ ಇಲ್ಲ.

"ಅವಳ ಮುಖ ಒಂದ್ಸಲ ನೋಡ್ಬೇಕು ಮಾರಾಯ. ಡಾಕ್ಟ್ರು ಏನೂ ಭರವಸೆ ಕೊಡ್ತಿಲ್ಲ," ಅಂದರು. 

ಈ ಡಿಶ್ಶಿಗೆ ತೆರೆದ ಆಕಾಶ ಬೇಕು. ಕಾಫಿ ತೋಟದಲ್ಲಿ ಎಲ್ಲಿ ತಲೆ ಎತ್ತಿದರೂ ನೆರಳಿನ ಮರ. ಬಯಲಾಗಿದ್ದದ್ದು ಕಾಫಿ ಒಣಗಿಸುವ ಕಣ ಒಂದೇ. ಅದರ ಮೂಲೆಯಲ್ಲಿ ಅವರ ತೀರಿಹೋದ ಹಿರಿಯರ ಗುಡಿ, ಕೈಮಡ. ಅದರ ಪಕ್ಕದಲ್ಲೇ ಕಂಬ ನೆಡಬೇಕು ಅಂದೆ.

"ಹಾಗೆಲ್ಲ ಆಗಲ್ಲ. ಹಿರಿಯರನ್ನ ಕೇಳ್ಬೇಕು."

ದೀಪ ಹಚ್ಚಿ, ಒಂದು ಗ್ಲಾಸ್ ರಮ್ಮು, ಒಂದಿಷ್ಟು ಹಂದಿ ಮಾಂಸ ಇಟ್ಟು ಕೈ ಮುಗಿದು ನಿಂತರು. ನಾನೂ ಸ್ಪ್ಯಾನರ್ ಕೆಳಗಿಟ್ಟು ನಿಂತೆ.

"ಹ್ಞಾ, ಒಪ್ಪಿದ್ರು," ಅಂದರು.

"ಹೇಗೆ ಗೊತ್ತಾಯ್ತು ಸುಬೇದಾರ್ರೇ?"

"ಒಪ್ಪದೇ ಇದ್ದಿದ್ರೆ ಇಷ್ಟೊತ್ತಿಗೆ ನಿನ್ನ ಏಣಿ ಬಿದ್ದಿರ್ತಿತ್ತು."

ಆಮೇಲೆ ನಾನು ಆ ಏಣಿ ಹತ್ತಿದ್ದು ದೇವರ ಹೆಸರು ಹೇಳಿಕೊಂಡು. ನನ್ನ ದೇವರದ್ದೂ, ಅವರ ಹಿರಿಯರದ್ದೂ.

೨. ಒಣಗದ ವಸ್ತು

ನೆಟ್ ಬಂತು. ಮೈಸೂರಿನಲ್ಲಿ ಫೋನ್ ಹಿಡಿದು ಕೂರಬೇಕಾದ ತಂಗಿಯ ಸೊಸೆಗೆ ಸಂಜೆ ಮಾತ್ರ ಬಿಡುವು. ಸಂಜೆಯಾಗುತ್ತಲೇ ನೆಟ್ ಹೋಯಿತು. ಸುಬೇದಾರರು ತೋಟದ ಲೆಕ್ಕ ಬರೆಯುವ ರೈಟರನ್ನು ಪೇಟೆಗೆ ಅಟ್ಟಿ ನನಗೆ ಫೋನ್ ಮಾಡಿಸಿದರು. ಬೆಳಿಗ್ಗೆ ಹೋಗಿ ನೋಡಿದರೆ ಎಲ್ಲ ಸರಿ! ಮಾರನೇ ಸಂಜೆ ಮತ್ತೆ ಅದೇ ಗೋಳು. ತಲೆ ಕೆಟ್ಟು, ಒಂದು ದಿನ ಸಂಜೆವರೆಗೂ ಕಣದ ಕಟ್ಟೆಯ ಮೇಲೆ ಕೂತೇ ಬಿಟ್ಟೆ.

ಹೊತ್ತು ಇಳಿಯಿತು. ಕೂಲಿಯವರ ಲೈನ್ ಮನೆಯ ಹೆಂಗಸೊಬ್ಬರು ಬಂದು ಹರಡಿದ್ದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿದರು. ಇನ್ನೊಂದು ಟಾರ್ಪಾಲು ತಂದು, ಮೆಣಸು ಕೊಯ್ಯುವ ಏಣಿ ಹತ್ತಿ ನನ್ನ ಡಿಶ್ಶಿಗೆ ಹೊದಿಸಿ, ಹಗ್ಗ ಬಿಗಿದರು.

"ಅಕ್ಕಾ! ಅದನ್ಯಾಕೆ ಮುಚ್ತೀರಿ?"

"ಮಂಜು ಬೀಳ್ತದಲ್ಲ ಅಣ್ಣ. ಕಣದಲ್ಲಿ ಇದ್ದದ್ದೆಲ್ಲ ಮುಚ್ಬೇಕು ಅಂತ ರೈಟರು ಹೇಳಿದ್ದು."

ರೈಟರ ಹತ್ತಿರ ಜಗಳಕ್ಕೆ ಹೋದೆ. ಅವರು ಕಣಕ್ಕೆ ಬಂದು, ಅದೇ ಏಣಿ ಹತ್ತಿ ಡಿಶ್ಶನ್ನು ಮುಟ್ಟಿ ನೋಡಿ, ಬಲು ಗಂಭೀರವಾಗಿ ಕೇಳಿದರು: "ಸರಿ, ಮುಚ್ಚೋದು ಬೇಡ. ಆದ್ರೆ ಇದು ಒಣಗೋದಕ್ಕೆ ಎಷ್ಟು ದಿನ ಹಿಡೀತದೆ?"

೩. ಕೋವಿಯ ಸದ್ದು

ಮಾರನೇ ಸಂಜೆ ಟಾರ್ಪಾಲು ಇಲ್ಲದೆ, ಕೊನೆಗೂ ಫೋನಿನಲ್ಲಿ ತಂಗಿಯ ಮುಖ ಬಂತು. ತೀರಾ ಸೊರಗಿದ್ದರು. ಅಣ್ಣ ಬೆರಳಿನಿಂದ ಪರದೆಯ ಮೇಲಿನ ಅವರ ಕಣ್ಣೀರು ಒರೆಸಿದರು. ಫೋನ್ ಹಿಡಿದಿದ್ದವನು ನಾನು, ನನ್ನ ಕಣ್ಣಲ್ಲೂ ನೀರು.

ಅವರು ಆಡಿದ್ದು ಕೊಡವ ತಕ್ಕು, ಕೊಡವರ ಭಾಷೆ. ನನಗೆ ಅರ್ಥವಾದಷ್ಟು ಹೇಳುತ್ತೇನೆ. "ಅಣ್ಣ, ನಮ್ಮನೆ ಕೋವಿ ಸದ್ದು ಕೇಳಿ ಎಷ್ಟು ವರ್ಷ ಆಯ್ತೋ. ಒಂದ್ಸಲ ಹೊಡಿ," ಅಂದರು ತಂಗಿ.

ಸುಬೇದಾರರು ಕೋವಿ ತಂದು, ಅಂಗಳದಲ್ಲಿ ನಿಂತು ಆಕಾಶಕ್ಕೆ ಢಂ ಅನ್ನಿಸಿದರು.

"ಹೊಡಿ ಅಣ್ಣ, ಕಾಯ್ತಿದ್ದೀನಿ," ಅಂದರು ತಂಗಿ. ಜೋರು ಸದ್ದನ್ನು ಗಲಾಟೆ ಅಂದುಕೊಂಡು ಫೋನೇ ನುಂಗಿಬಿಡುತ್ತದೆ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಸುಬೇದಾರರು ಇನ್ನೊಂದು ಹೊಡೆದರು. ತಂಗಿಗೆ ಅದೂ ಕೇಳಿಸಲಿಲ್ಲ.

ಊರಿಗೆ ಎರಡೂ ಕೇಳಿಸಿತ್ತು. ಕೊಡಗಿನಲ್ಲಿ ಬೆನ್ನುಬೆನ್ನಿಗೆ ಎರಡು ಗುಂಡು ಅಂದರೆ ಆ ಮನೆಯಲ್ಲಿ ಸಾವು. ಸ್ವಲ್ಪ ಹೊತ್ತಿಗೆಲ್ಲ ಬಿಳಿ ಬಟ್ಟೆ ಉಟ್ಟವರು ಗೇಟಿನಿಂದ ಬರತೊಡಗಿದರು. ಪಕ್ಕದ ತೋಟದವರಂತೂ "ಅಯ್ಯೋ ಸುಬೇದಾರ!" ಅಂತ ಅಳುತ್ತಾ ಬಂದು, ಸುಬೇದಾರರನ್ನೇ ತಬ್ಬಿಕೊಂಡು, ಆಮೇಲೆ ಮುಖ ನೋಡಿ ಬೆಚ್ಚಿಬಿದ್ದರು.

"ಥೂ! ಬದುಕಿದ್ದೀಯಾ?"

"ತಪ್ಪಾಯ್ತು," ಅಂದರು ಸುಬೇದಾರರು.

ವಿಷಯ ಗೊತ್ತಾದ ಮೇಲೆ ಯಾರೂ ಹೋಗಲಿಲ್ಲ. ಬಂದವರೆಲ್ಲ ಒಬ್ಬೊಬ್ಬರಾಗಿ ಫೋನಿನ ಮುಂದೆ ನಿಂತರು. ಅಣ್ಣನ ಮುಖ ಸಾಕು ಅಂದುಕೊಂಡಿದ್ದ ಆ ಹೆಣ್ಣುಮಗಳು ಇಡೀ ಊರನ್ನೇ ನೋಡಿ ಅತ್ತರು. ಕಣ್ಣೊರೆಸಿಕೊಂಡು, "ಆದ್ರೆ ಕೋವಿ ಸದ್ದು ಕೇಳ್ಲೇ ಇಲ್ಲ," ಅಂದರು.

"ಹೊಡಿ ಹೊಡಿ. ಬರೋರೆಲ್ಲ ಬಂದಾಯ್ತಲ್ಲ," ಅಂದರು ಪಕ್ಕದ ತೋಟದವರು. ಸದ್ದು ಮೆತ್ತಗಾದರೆ ಫೋನು ನುಂಗಲಾರದು ಅಂತ ನಾನು ಅದನ್ನು ಮನೆಯೊಳಗೆ ದೂರ ಹಿಡಿದುಕೊಂಡು ಹೋದೆ. ಮೂರನೇ ಗುಂಡು ಹಾರಿತು.

"ಕೇಳ್ತು ಅಣ್ಣ, ಕೇಳ್ತು!"

ಅಷ್ಟರಲ್ಲಿ ಅಡುಗೆಮನೆಯಿಂದ ಸುಬೇದಾರರ ಹೆಂಡತಿ ಓಡಿ ಬಂದರು. "ಅಯ್ಯೋ, ಈಗ ಒಂದೇ ಹೊಡೆದ್ರಲ್ಲ! ಒಂದು ಗುಂಡು ಅಂದ್ರೆ ಗಂಡು ಮಗು ಹುಟ್ಟಿದ್ದು! ಆಚೆ ಊರಿನವರಿಗೆ ನಾನು ಈ ವಯಸ್ಸಲ್ಲಿ ಹೇಗೆ ಮುಖ ತೋರಿಸ್ಲಿ?"

 ಫೋನಿನಲ್ಲಿ ಹಾಸಿಗೆಯಿಂದ ತಂಗಿಯ ದನಿ ಬಂತು:

"ನಿಮ್ಮ ಮುಖ ಆಮೇಲೆ ಅತ್ತಿಗೆ. ಮೊದಲು ಮಗುವಿನ ಮುಖ ತೋರಿಸಿ."