ತೊಟ್ಟು ಬಿಡಿಸುವವರ ನಡುವೆ ಟೀಮ್ ಬಿಲ್ಡಿಂಗ್

ನಾಚಿಕೆ ಸ್ವಭಾವದವರನ್ನೇ ಹುಡುಕಿಕೊಂಡು ನಾಚಿಕೆಗೇಡಿನ ಪ್ರಸಂಗಗಳು ಬರುತ್ತವೆ. ನಾನು ಹಾವೇರಿಯಲ್ಲಿ ಇಂಗ್ಲಿಷ್ ಮೀಡಿಯಂ ಓದಿದವಳು. ಎಚ್.ಆರ್. ಕಲಿತು ಬ್ಯಾಡಗಿಯ ಒಂದು ಮೆಣಸಿನಕಾಯಿ ಕಂಪನಿ ಸೇರಿದೆ. ಅಲ್ಲಿ ಹೆಚ್ಚಿನವರು ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು. ಮಾಲೀಕರನ್ನು ಎಲ್ಲರೂ ಸಾವಕಾರ್ರು ಅನ್ನುತ್ತಾರೆ. ಮೊದಲ ದಿನವೇ ಅವರು ಹೇಳಿಬಿಟ್ಟರು:

"ನೋಡವ್ವಾ, ದೊಡ್ಡ ಗಿರಾಕಿಗಳು ನಿಮ್ಮ ಕಂಪನಿ ಕಲ್ಚರ್ ಹೆಂಗೈತಿ ಅಂತ ಕೇಳಾಕತ್ತಾರ. ಆರು ತಿಂಗಳದಾಗ ಬೆಳಸಿ ತೋರಸು. ಬೆಳೀಲಿಲ್ಲಂದ್ರ ಕಲ್ಚರೂ ಬ್ಯಾಡ, ನೀನೂ ಬ್ಯಾಡ."

ಮೆಣಸಿನಕಾಯಿ ಬೆಳೆಯೋದಕ್ಕೂ ಹೆಚ್ಚುಕಡಿಮೆ ಅಷ್ಟೇ ದಿನ ಬೇಕು. ನಾನು ತಲೆ ಆಡಿಸಿದೆ.

೧. ಅಭಿಪ್ರಾಯದ ಡಬ್ಬಿ

ನನಗೆ ಎದುರುಬದುರು ಮಾತಾಡಲು ಸಂಕೋಚ. ಎಲ್ಲರೂ ನನ್ನ ಹಾಗೇ ಅಂದುಕೊಂಡು ಗೋದಾಮಿನ ಬಾಗಿಲಲ್ಲಿ ಒಂದು ಡಬ್ಬಿ ತೂಗುಹಾಕಿಸಿದೆ. ಹೆಸರು ಬೇಡ, ಮನಸ್ಸಿನಲ್ಲಿದ್ದದ್ದನ್ನು ಬರೆದು ಹಾಕಿ ಅಂದೆ.

ವಾರ ಬಿಟ್ಟು ತೆಗೆದರೆ ಡಬ್ಬಿ ತುಂಬಿತ್ತು! ಎಲ್ಲ ಚೀಟಿಯಲ್ಲೂ ಒಂದೇ ಮಾತು: "ಸೂಪರ್‌ವೈಸರ್ ಭಾಳ ಒಳ್ಳೆಯವರು." ಅಕ್ಷರವೂ ಒಂದೇ. ಸೂಪರ್‌ವೈಸರನ್ನು ಕರೆದೆ.

"ಹೌದ್ರಿ, ನಾನ ಬರದೇನಿ. ಭಾಳ ಮಂದಿಗೆ ಬರಿಯಾಕ ಬರಂಗಿಲ್ರಿ."

"ಅವರು ಹೇಳಿದ್ದನ್ನೇ ಬರೆದಿರಾ?"

"ಖರೇನ ರೀ. ನನ್ನ ಎದುರಿಗೆ ಕುಂತು ಮತ್ತೇನ ಹೇಳ್ತಾರ?"

ಬರೆಯಲು ಬಾರದವರು ಇರುತ್ತಾರೆ ಅನ್ನುವುದೇ ನನಗೆ ಹೊಳೆದಿರಲಿಲ್ಲ. ಡಬ್ಬಿಯ ತಳದಲ್ಲಿ ಬೇರೆ ಅಕ್ಷರದ ಚೀಟಿ ಒಂದೇ ಒಂದು ಉಳಿದಿತ್ತು: "ಮೇಡಮ್ಮಾರು ನಮ್ಮ ಕೂಡ ಮಾತಾಡಂಗಿಲ್ಲ. ಡಬ್ಬಿ ಕೂಡ ನಾವ್ಯಾಕ ಮಾತಾಡೂಣು?"

೨. ಹಿಂದಕ್ಕೆ ಬೀಳುವ ಆಟ

ಆಮೇಲೆ ಕಾಲೇಜಿನಲ್ಲಿ ಕಲಿತಿದ್ದ ಒಂದು ಆಟ ಆಡಿಸಿದೆ. ಒಬ್ಬರು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಹಿಂದೆ ನಿಂತವರು ಹಿಡಿಯಬೇಕು. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬೆಳೆಯುತ್ತದಂತೆ. ಹಾಜರಿ ಪಟ್ಟಿ ನೋಡಿ ಜೋಡಿ ಮಾಡಿದ್ದೆ.

ಒಬ್ಬ ಹಿರಿಯಾಕೆ ಸೆರಗು ಸಿಕ್ಕಿಸಿಕೊಂಡು ನಿಂತಳು. ಬೀಳಲೇ ಇಲ್ಲ.

"ಹೆದರಬೇಡಿ ಅಜ್ಜಿ, ಹಿಂದೆ ನಿಂತವರು ಹಿಡೀತಾರೆ."

"ಹಿಂದ ನಿಂತಾಕಿ ನನ್ನ ಸೊಸಿ ಅದಾಳ್ರೀ," ಅಂದಳು ಅಜ್ಜಿ. "ಹದಿನೆಂಟು ವರ್ಷ ಆತು, ಇಕಿ ಕೈಯಾಗ ಬೀಳಬಾರದು ಅಂತನ ದುಡ್ಯಾಕ ಬರಾಕತ್ತೇನಿ."

ಗೋದಾಮೆಲ್ಲ ನಕ್ಕಿತು. ಸೊಸೆಯೂ ನಕ್ಕಳು. ನಾನು ಹಾಜರಿ ಪಟ್ಟಿಯಲ್ಲಿ ಮುಖ ಮುಚ್ಚಿಕೊಂಡೆ.

೩. ಶ್ರಮದಾನ

ಕಾಗಿನೆಲೆ ಕಡೆಯ ಹಳ್ಳಿಯೊಂದರ ಶಾಲೆ ಸ್ವಚ್ಛ ಮಾಡಲು ಹೊರಟೆವು. ಬರುತ್ತೇವೆಂದು ಹೆಡ್‌ಮಾಸ್ತರರಿಗೆ ಮೊದಲೇ ತಿಳಿಸಿದ್ದೆ. ಅದೇ ತಪ್ಪಾಯಿತು. ಮನೆಗೆ ಬೀಗರು ಬರುವಾಗ ಕಸ ಹೊಡೆಯದೆ ಯಾರಾದರೂ ಬಿಡುತ್ತಾರೆಯೇ? ನಾವು ಹೊಸ ಕಸಬರಿಗೆ ಹಿಡಿದು ಟೆಂಪೋದಿಂದ ಇಳಿದರೆ ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ನಮಗಾಗಿ ಉಪ್ಪಿಟ್ಟು ಬೇರೆ.

ಸಾವಕಾರ್ರಿಗೆ ಫೋಟೋ ಕಳಿಸಬೇಕಿತ್ತು. ಹೇಳಲು ನಾಚಿಕೆಯಾಗುತ್ತದೆ, ಹಿತ್ತಲಿನಿಂದ ಒಂದಿಷ್ಟು ಒಣ ಎಲೆ ತಂದು ಅಂಗಳದಲ್ಲಿ ಹರಡಿ ಅಂತ ಮಕ್ಕಳಿಗೆ ಹೇಳಿದೆ.

ಐದನೇ ತರಗತಿಯ ಒಬ್ಬ ಹುಡುಗಿ ಎಲೆ ತುಂಬಿದ ಬುಟ್ಟಿ ಹೊತ್ತು ಬಂದಳು. "ಮೇಡಂ, ನಿನ್ನೆ ಕಸ ತಗ್ಯಾಕ ಹಚ್ಚಿದ್ರು. ಇವತ್ತ ಚೆಲ್ಲಾಕ ಹಚ್ಚೀರಿ. ನಾಳೆ ಸಾಲಿ ಐತೇನ್ರಿ?"

೪. ಕಣ್ಣೀರು

ಆರನೇ ತಿಂಗಳು ಮುಗಿಯುವ ದಿನ ಗಿರಾಕಿ ಕಂಪನಿಯ ಸಾಹೇಬರು ಬಂದರು. ಕೆಲಸ ಉಳಿಸಿಕೊಳ್ಳಲು ನನಗೆ ಉಳಿದದ್ದು ಅದೊಂದೇ ದಿನ. ಆಫೀಸಿನವರೆಲ್ಲ ಹೆಣ್ಣುಮಕ್ಕಳ ಜೊತೆ ಕೂತು ತೊಟ್ಟು ಬಿಡಿಸುವ ಕಾರ್ಯಕ್ರಮ ಇಟ್ಟೆ. ಆ ಅತ್ತೆ–ಸೊಸೆಯ ನಡುವೆಯೇ ನಾನೂ ಕೂತೆ. "ಕೈ ಮಾರಿಗೆ, ಕಣ್ಣಿಗೆ ಹಚ್ಚಬ್ಯಾಡ್ರಿ," ಅಂತ ಅಜ್ಜಿ ಎರಡು ಸಲ ಹೇಳಿದಳು.

ಅಷ್ಟರಲ್ಲಿ ಭಾಷಣಕ್ಕೆ ವೇದಿಕೆಗೆ ಕರೆದರು. ಮೈಕು ಕಂಡರೆ ಕನ್ನಡಕ ತೆಗೆದು ಕಣ್ಣುಜ್ಜುವುದು ನನ್ನ ಚಟ. ಉಜ್ಜಿದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತ ಕಂಪನಿಯ ಪುಸ್ತಿಕೆಯಲ್ಲಿ ಬರೆದವಳು ನಾನೇ.

"ನಮ್ಮ ಕಂಪನಿ ಒಂದು ಕುಟುಂಬ..." ಅಂದೆ. ಮುಂದೆ ಬರೀ ಕಣ್ಣೀರು. ಸಾಹೇಬರು ಕರ್ಚೀಫು ತೆಗೆದರು. ನಾನು ಕಣ್ಣು ಮುಚ್ಚಿಕೊಂಡೇ ಒಂದು ಹೆಜ್ಜೆ ಹಿಂದಿಟ್ಟೆ. ಅಲ್ಲಿ ವೇದಿಕೆ ಮುಗಿದಿತ್ತು.

ನೆಲಕ್ಕೆ ಬೀಳಲಿಲ್ಲ. ಮಜ್ಜಿಗೆ ಚೊಂಬು ಹಿಡಿದು ಓಡಿಬಂದಿದ್ದ ಅಜ್ಜಿ ಒಂದು ರಟ್ಟೆ ಹಿಡಿದಿದ್ದಳು, ಸೊಸೆ ಇನ್ನೊಂದು. ಚೊಂಬು ನನ್ನ ತಲೆಯ ಮೇಲೆ ಬರಿದಾಗಿತ್ತು. ನನ್ನ ವರದಿಯಲ್ಲಿ ಹಿಂದಕ್ಕೆ ಬೀಳುವ ಆಟದ ಬಗ್ಗೆ ಓದಿದ್ದ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಸುಮ್ಮನೆ ಕೈಮುಗಿದೆ.

ಕೆಲಸ ಕಾಯಂ ಆಯಿತು. ಮರುದಿನ ತಡೆಯಲಾರದೆ ಸಾವಕಾರ್ರ ಮುಂದೆ ನಿಜ ಒಪ್ಪಿಕೊಂಡೆ.

"ಗೊತ್ತೈತವ್ವಾ," ಅಂದರು. "ಕಾಯಿ ವ್ಯಾಪಾರದಾಗ ಕೂದಲಾ ಬೆಳ್ಳಗ ಮಾಡ್ಕೊಂಡೇನಿ. ಖಾರದ ಕಣ್ಣೀರ ಯಾವುದು, ದುಃಖದ್ದ ಯಾವುದು ತಿಳಿಯಂಗಿಲ್ಲೇನು? ಆದ್ರ ಆ ಅತ್ತಿ–ಸೊಸಿ ಒಂದ ಕಡೆ ಕೈ ಹಾಕಿದ್ದ ನಾ ನೋಡಿದ್ದಿಲ್ಲ. ಅದು ಕಲ್ಚರ್."

ಖುಷಿ ತಡೆಯದೆ ಗೋದಾಮಿಗೆ ಹೋಗಿ, ಮೊದಲ ಸಲ ಯಾವ ಕಾರ್ಯಕ್ರಮವೂ ಇಲ್ಲದೆ ಕಾಯಿ ರಾಶಿಯ ಪಕ್ಕ ನೆಲದ ಮೇಲೆ ಕೂತು ಕೇಳಿದೆ: "ಅಜ್ಜಿ, ಈಗಾದರೂ ಸೊಸೆ ಮೇಲೆ ನಂಬಿಕೆ ಬಂತಾ?"

ಅಜ್ಜಿ ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದಳು.

"ನಿಮ್ಮನ್ನ ಇಬ್ಬರೂ ಕೂಡಿ ಹಿಡಿಯೂದು ಬ್ಯಾರೆ ರೀ. ನಾ ಬೀಳೂ ಮುಂದ ಇನ್ನೊಂದ ರಟ್ಟಿ ನೀವು ಹಿಡ್ಕೊಂಡಿರ್ರಿ!"