ಶುಕ್ರವಾರದೊಳಗೆ ದರ್ಶನ ಕೊಡಬೇಕೆಂದು ಝಡ್ ಪ್ರೈಮ್ ಅವರಲ್ಲಿ ಅರಿಕೆ

ಪರಮ ಭಾರವುಳ್ಳವರೂ, ವಿದ್ಯುತ್ತಿನ ಸೋಂಕಿಲ್ಲದೆ ಸದಾ ತಟಸ್ಥರೂ, ಇದ್ದೀರೋ ಇಲ್ಲವೋ ಎಂಬುದನ್ನು ಇಂದಿಗೂ ಬಾಯಿಬಿಡದವರೂ ಆದ ಝಡ್ ಪ್ರೈಮ್ ಕಣದವರ ಸನ್ನಿಧಿಗೆ, ಜಿನೀವಾ ಗಡಿಯ ಕಣ ಸಂಶೋಧನೆಯ ಸುರಂಗದಲ್ಲಿ ಹದಿನಾರು ವರ್ಷಗಳಿಂದ ತಮ್ಮನ್ನೇ ಹುಡುಕುತ್ತಿರುವ ಓದಿಲ್ ಪೆರುಶು ಎಂಬಾಕೆ ಮಾಡುವ ನಮಸ್ಕಾರಗಳು.

ಮಾನ್ಯರೇ, ತಮ್ಮ ಕುಟುಂಬದ ಹಗುರ ಮೈಯ ಝಡ್ ಅವರು ನಾನಿನ್ನೂ ವಿದ್ಯಾರ್ಥಿನಿಯಾಗಿದ್ದಾಗಲೇ ಸಿಕ್ಕಿ ಮನೆತನದ ಮರ್ಯಾದೆ ಉಳಿಸಿದರು. ತಾವಾದರೋ, ಪ್ರೋಟಾನುಗಳನ್ನು ಡಿಕ್ಕಿ ಹೊಡೆಸಿ ಕೋಟಿಗಟ್ಟಲೆ ಚೂರುಗಳನ್ನು ಜಾಲಾಡಿದರೂ ಸುಳಿವು ಕೊಡಲಿಲ್ಲ. ಪ್ರತಿ ಸಲವೂ "ಇಷ್ಟು ತೂಕದವರೆಗೆ ಇವರು ಇಲ್ಲ" ಎಂದು ಪ್ರಬಂಧ ಬರೆದು, ಅಂಥ ಹನ್ನೊಂದರ ಬಲದಿಂದ ನಾನು ಪ್ರಾಧ್ಯಾಪಕಿಯಾದೆ. ತಾವಿಲ್ಲದ ಜಾಗಗಳ ಬಗ್ಗೆ ನನ್ನಷ್ಟು ಬಲ್ಲವರು ಭೂಮಿಯ ಮೇಲಿಲ್ಲ. ಈ ಉಪಕಾರವನ್ನು ಮರೆಯಲಾರೆ. ಆದರೆ ಚೀಸ್ ಅಂಗಡಿಯ ಮದಾಮ್ ಬೆರ್ತೆ ಪ್ರತಿ ಶನಿವಾರ, ಸರದಿಯಲ್ಲಿ ನಿಂತವರೆಲ್ಲ ಕೇಳುವಂತೆ, "ಏನಮ್ಮಾ ಓದಿಲ್, ಇನ್ನೂ ಸಿಗ್ಲಿಲ್ವಾ? ನಮ್ಮನೆ ಬೆಕ್ಕು ಕಳೆದೋದಾಗ ಮೂರೇ ದಿನಕ್ಕೆ ಸಿಕ್ತು ನೋಡು" ಎನ್ನುವಾಗ ಹನ್ನೊಂದು ಪ್ರಬಂಧಗಳೂ ನೆರವಿಗೆ ಬರುವುದಿಲ್ಲ.

ನಮ್ಮಲ್ಲೊಂದು ನೇಮವಿದೆ. ಆಸೆಗಣ್ಣು ಇಲ್ಲದ್ದನ್ನು ಕಾಣದಿರಲೆಂದು, ಲೆಕ್ಕದ ವಿಧಾನಕ್ಕೆ ಎಲ್ಲರೂ ಒಪ್ಪುವವರೆಗೆ ಮುಖ್ಯ ದತ್ತಾಂಶದ ಮೇಲೆ ಮುಸುಕು ಹಾಕಿಡುತ್ತೇವೆ. ಮೂರು ವರ್ಷದ ಹಿಂದೆ ಮುಸುಕು ಸರಿಸಿದಾಗ ರೇಖೆಯಲ್ಲೊಂದು ಉಬ್ಬು, ತಾವೇ ಬಂದ ಗುರುತಿನಂತೆ, ಕಂಡಿತು. ಸಹೋದ್ಯೋಗಿ ಬಾಸ್ತಿಯಾನ್ "ತಡ್ಕೊಳ್ಳಿ ಓದಿಲ್, ಅದು ಬರೀ ಆಕಸ್ಮಿಕ ಏರಿಳಿತ ಇರ್ಬೇಕು" ಎಂದರೂ ಕೇಳದೆ, ತಮ್ಮ ಆಗಮನಕ್ಕೆಂದೇ ಕಾದಿರಿಸಿದ್ದ ಶಾಂಪೇನನ್ನು ನಾನೇ ತೆರೆದೆ. ಪದ್ಧತಿಯಂತೆ ಖಾಲಿ ಬಾಟಲಿಯ ಮೇಲೆ ಎಲ್ಲರ ಸಹಿ ಹಾಕಿಸಿ ಕಪಾಟಿನಲ್ಲಿಟ್ಟೆ. ಮುಂದಿನ ಬೇಸಿಗೆಯ ಹೊಸ ದತ್ತಾಂಶದಲ್ಲಿ ಉಬ್ಬು ಕರಗಿತು. ಬಾಟಲಿ ಮಾತ್ರ ಕಪಾಟಿನಲ್ಲೇ ಇದೆ.

ಇದೇ ಶುಕ್ರವಾರ ನನ್ನ ನಿವೃತ್ತಿ. ಕರಗಿಸಿದ ಚೀಸಿನ ಫೋಂಡ್ಯೂ ಊಟವಾದ ಮೇಲೆ ಬಾಸ್ತಿಯಾನ್ ಆ ಬಾಟಲಿಯನ್ನೇ ನನಗೆ ಉಡುಗೊರೆ ಕೊಡುವನಂತೆ. ಎಲ್ಲರೂ ನಗುತ್ತಾರೆ, ನಾನೂ ನಗಬೇಕು. ಈಗಲೇ ಅಳು ಬರುತ್ತಿದೆ, ಮಾನ್ಯರೇ.

ಆದಕಾರಣ ತಾವು ಗುರುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ, ಕನಿಷ್ಠ ಮೂವತ್ತು ಸಲ, ಪ್ರತಿ ಸಲವೂ ಒಂದೇ ತೂಕದಲ್ಲಿ ಹುಟ್ಟಿ, ತಮ್ಮ ಕುಲದ ವಾಡಿಕೆಯಂತೆ ಆ ಕ್ಷಣವೇ ಸತ್ತು ಕೃಪೆದೋರಬೇಕು. ಅಷ್ಟು ಭಾರದ ಮೈ ಹೊತ್ತು ಬರುವುದು ತ್ರಾಸವೆಂದರೆ, ಪ್ರಕೃತಿಯ ನಿಯಮಗಳನ್ನು ಎರಡು ಗಂಟೆಯ ಮಟ್ಟಿಗೆ ಸಡಿಲಿಸಲು ನನ್ನ ಅಭ್ಯಂತರವೇನಿಲ್ಲ.

ತಾವು ಇದ್ದರೂ ಇಲ್ಲದಿದ್ದರೂ ತಮ್ಮ ವಿಶ್ವಾಸಿ,
ಓದಿಲ್ ಪೆರುಶು

ಮರೆತ ಮಾತು: ಗುರುವಾರ ಬಾರದೆ, ನಾನು ಹೋದ ಮೇಲೆ ಸೋಮವಾರ ಬಾಸ್ತಿಯಾನನ ಮುಸುಕಿನಡಿಯಿಂದ ತಾವು ಎದ್ದುಬಂದರೆ, ನಾನು ನಿವೃತ್ತಳಾದರೂ ಅವನ ಪ್ರಬಂಧ ಪರಿಶೀಲನೆಗೆ ಬರುವುದು ನನ್ನ ಬಳಿಗೇ. ತಾವಿಲ್ಲವೆಂದು ಹನ್ನೊಂದು ಸಲ ಸಾಬೀತುಪಡಿಸಿದವಳಿಗೆ ಹನ್ನೆರಡನೆಯದು ಕಷ್ಟವಾಗದು.